ಪಾಂಡವಪುರದ ನಾಲೆ ಏರಿ: ಸೈಕಲ್ ದಾರಿ ಯಾರಿಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಆಫೀಸಲ್ಲಿ ಸೌಂಡ್ ಹಾಕೋಕಾಗದೆ ಇಲ್ಲಿ ಓದ್ತಿರೋರಿಗೂ ನಮಸ್ಕಾರ. ಸೈಕಲ್ ಮೇಲೆ ಹೋಗ್ತಾ ಕೇಳ್ತಿದ್ರೆ ಮಾತ್ರ ಒಂದು ವಿನಂತಿ. ಮೊದಲು ಪಕ್ಕಕ್ಕೆ ನಿಲ್ಲಿಸಿ, ಇಯರ್‌ಫೋನ್ ತೆಗೀರಿ. ಈ ಸಂಚಿಕೆ ಎಲ್ಲೂ ಓಡಿಹೋಗಲ್ಲ. ಮನೆಗೆ ಹೋಗಿ ಕೇಳಿ. ಯಾಕೆ ಹೀಗೆ ಹೇಳ್ದೆ ಅಂತ ಕೊನೆಗೆ ಬರೋ ಹೊತ್ತಿಗೆ ನಿಮಗೇ ಗೊತ್ತಾಗುತ್ತೆ.

ಇವತ್ತಿನ ವಿಷಯ ಸೈಕಲ್. ಯಾವ ಬ್ರ್ಯಾಂಡ್ ತಗೋಬೇಕು, ಎಷ್ಟು ಗೇರ್ ಇರ್ಬೇಕು ಅನ್ನೋದಲ್ಲ. ಅದಕ್ಕೆ ಯೂಟ್ಯೂಬ್ ತುಂಬಾ ಜನ ಇದಾರೆ. ನಾನು ಮಾತಾಡೋಕೆ ಹೊರಟಿರೋದು ಸೈಕಲ್ಲಿಗೆ ಬೇಕಾದ ದಾರಿ ಬಗ್ಗೆ. ಅದೂ ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯ ದಾರಿ.

ಮೊದಲು ಸ್ವಲ್ಪ ದೂರ ಹೋಗಿ ಬರೋಣ. ಐರ್ಲೆಂಡಿನ ಪಶ್ಚಿಮದಲ್ಲಿ ವೆಸ್ಟ್‌ಪೋರ್ಟ್‌ನಿಂದ ಅಕಿಲ್‌ವರೆಗೆ ಒಂದು ರೈಲು ಮಾರ್ಗ ಇತ್ತು. 1937ರಲ್ಲಿ ಅದು ನಿಂತುಹೋಯ್ತು. ಹಳಿ ಹೋಯ್ತು, ಹಾದಿ ಉಳೀತು. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆದ್ಮೇಲೆ ಅದೇ ಹಾದಿ ಮೇಲೆ 42 ಕಿಲೋಮೀಟರ್ ಸೈಕಲ್ ದಾರಿ ಮಾಡಿದ್ರು. ಈಗ ಅದು ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ. ಸ್ಪೇನ್‌ನಲ್ಲಿ, ಅಮೆರಿಕದಲ್ಲಿ ಇಂಥವು ಬೇಕಾದಷ್ಟಿವೆ.

ಹಳೇ ರೈಲು ಹಾದಿಯೇ ಯಾಕೆ? ಕಾರಣ ಸರಳ. ರೈಲಿನ ಚಕ್ರ ಕಬ್ಬಿಣದ್ದು, ಹಳಿಯೂ ಕಬ್ಬಿಣದ್ದು. ಎರಡರ ಮಧ್ಯೆ ಹಿಡಿತ ಕಮ್ಮಿ. ಹಾಗಾಗಿ ರೈಲಿಗೆ ಕಡಿದಾದ ಏರು ಹತ್ತೋಕಾಗಲ್ಲ. ದಾರಿ ಮಾಡೋರು ಗುಡ್ಡ ಬಂದ ಕಡೆ ಕಡಿದು, ಹಳ್ಳ ಬಂದ ಕಡೆ ಮಣ್ಣು ತುಂಬಿ, ಮಟ್ಟ ಕಾಪಾಡ್ತಾರೆ. ರೈಲಿಗಂತ ಮಾಡಿದ ಆ ಮಟ್ಟ ಸೈಕಲ್ಲಿಗೂ ಒಪ್ಪುತ್ತೆ. ಹತ್ತು ವರ್ಷದ ಮಗು, ಅರವತ್ತು ವರ್ಷದ ಅಜ್ಜಿ, ಇಬ್ರೂ ಏದುಸಿರು ಬಿಡದೆ ತುಳೀಬಹುದು.

ಈಗ ನಮ್ಮೂರಿನ ಕಡೆ ಬನ್ನಿ. ಬೆಂಗಳೂರು–ಮೈಸೂರು ರೈಲು ಮಾರ್ಗಕ್ಕೆ ಮಣ್ಣು ಹೊತ್ತೋರಲ್ಲಿ ಬಹಳಷ್ಟು ಜನ ಬರಗಾಲದಲ್ಲಿ ಹೊಟ್ಟೆಗಿಲ್ಲದೆ ಕೂಲಿಗೆ ಬಂದೋರು. 1876ರಿಂದ 78ರವರೆಗಿನ ಆ ಮಹಾ ಬರದಲ್ಲಿ ಜನಕ್ಕೆ ಕೂಲಿ ಕೊಡೋ ಪರಿಹಾರ ಕಾಮಗಾರಿಯಾಗಿ ಈ ಮಾರ್ಗದ ಕೆಲಸ ನಡೀತು. ರಂಗಾಚಾರ್ಲು ದಿವಾನರಾಗಿದ್ದಾಗ, 1882ರಲ್ಲಿ, ರೈಲು ಮೈಸೂರು ಮುಟ್ತು. ಆಗ ನಮ್ಮ ಪಾಂಡವಪುರ ಸ್ಟೇಷನ್ ಹೆಸರು ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ಹತ್ತಿರ ಬೀಡುಬಿಟ್ಟಿದ್ರು, ಅದಕ್ಕೆ ಆ ಹೆಸರು. ಜನರ ಬಾಯಲ್ಲಿ ಊರು ಹಿರೋಡೆ.

ಆ ಮೀಟರ್‌ಗೇಜ್ ಹಳಿ ಈಗಿಲ್ಲ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂತು, ಆಮೇಲೆ ಜೋಡಿ ಹಳಿ ಬಂತು. ಆದ್ರೆ ಐರ್ಲೆಂಡಿನ ಹಾಗೆ ನಮ್ಮ ಹಾದಿ ಖಾಲಿ ಬೀಳಲಿಲ್ಲ. ಅದರ ಮೇಲೆ ಇವತ್ತೂ ರೈಲು ಓಡ್ತಿದೆ, ಓಡ್ಲಿ, ಒಳ್ಳೇದೇ. ಕೆ.ಆರ್.ಪೇಟೆ ತಾಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆ ಮೇಲೆ ಹೋಗೋ ಮೈಸೂರು–ಅರಸೀಕೆರೆ ಮಾರ್ಗದ ಕಥೆಯೂ ಇದೇ. ನಮ್ಮ ಹತ್ತಿರದಲ್ಲಿ ರೈಲು ಬಿಟ್ಟುಹೋದ ಜಾಗ ನೋಡ್ಬೇಕು ಅಂದ್ರೆ ಮೈಸೂರು ದಾಟಿ ನಂಜನಗೂಡಿಗೆ ಹೋಗ್ಬೇಕು. ಕಪಿಲಾ ನದಿ ಮೇಲೆ 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆ. ಒಂದೇ ಸೇತುವೆ ಮೇಲೆ ಒಂದು ಪಕ್ಕ ರೈಲು, ಇನ್ನೊಂದು ಪಕ್ಕ ರಸ್ತೆ. ಚಾಮರಾಜನಗರದ ಮಾರ್ಗ ಬ್ರಾಡ್‌ಗೇಜ್ ಆದಾಗ ರೈಲು ಹೊಸ ಸೇತುವೆಗೆ ಹೋಯ್ತು. ಹಳೇದು ಹಾಗೇ ನಿಂತಿದೆ.

ಹಂಗಾದ್ರೆ ನಮ್ಗೆ ಸಮತಟ್ಟಾದ ಸೈಕಲ್ ಹಾದಿ ಇಲ್ವಾ? ಇದೆ. ದಿನಾ ನೋಡ್ತಿದೀವಿ, ಹೆಸರು ಬೇರೆ ಅಷ್ಟೇ. ರೈಲಿನ ಹಾಗೆ ಏರು ಹತ್ತೋಕಾಗದ ಇನ್ನೊಂದು ಇದೆಯಲ್ಲ, ನೀರು. ನಾಲೆ ಮಾಡೋರೂ ರೈಲಿನೋರ ಹಾಗೇ ಮಟ್ಟ ಹುಡುಕ್ತಾ ಗುಡ್ಡ ಬಳಸಿಕೊಂಡು ಹೋಗ್ತಾರೆ. ದೊಡ್ಡ ನಾಲೆ ಸಾಮಾನ್ಯವಾಗಿ ಕಿಲೋಮೀಟರಿಗೆ ಒಂದು ಗೇಣು ಇಳಿದ್ರೂ ಸಾಕು, ನೀರು ಹರಿಯುತ್ತೆ. ಆ ನಾಲೆ ಪಕ್ಕ ಇಂಜಿನಿಯರುಗಳು, ಸೌಡಿಗಳು ಓಡಾಡೋಕೆ ಅಂತ ಮಾಡಿದ ದಾರಿ ನಾಲೆ ಏರಿ. ನಮ್ಮ ಗ್ರೀನ್‌ವೇ ಅದೇ.

ನಮ್ಮಲ್ಲಿ ಎಷ್ಟು ನಾಲೆ ಇದೆ ಅಂತ ಒಂದ್ಸಲ ಯೋಚ್ನೆ ಮಾಡಿ. ಶ್ರೀರಂಗಪಟ್ಟಣದ ಕಡೆ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ. ಕೆ.ಆರ್.ಪೇಟೆ ಕಡೆ ಹೇಮಾವತಿಗೆ ಕಟ್ಟಿದ ಹೇಮಗಿರಿ, ಮಂದಗೆರೆ ಅಣೆಕಟ್ಟೆಗಳ ನಾಲೆಗಳು. ಎಲ್ಲಕ್ಕಿಂತ ದೊಡ್ಡದು ಕೆ.ಆರ್.ಎಸ್.ನಿಂದ ಹೊರಡೋ ವಿಶ್ವೇಶ್ವರಯ್ಯ ನಾಲೆ, ನಮ್ಮ ವಿ.ಸಿ. ನಾಲೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಅದಕ್ಕೆ ಇರ್ವಿನ್ ನಾಲೆ ಅಂತ ಹೆಸರು. ಹುಲಿಕೆರೆ ಹತ್ತಿರ ಗುಡ್ಡ ಅಡ್ಡ ಬಂದಾಗ ಸುರಂಗ ಕೊರೆದು ನೀರು ದಾಟಿಸಿದಾರೆ. ಮಳೆಗಾಲದಲ್ಲಿ ಅಣೆಕಟ್ಟು 124.80 ಅಡಿ ತುಂಬ್ತಾ ಇಲ್ವಾ ಅಂತ ನಮ್ಮೂರಲ್ಲಿ ಕ್ರಿಕೆಟ್ ಸ್ಕೋರ್ ಥರ ಕೇಳ್ತಾರಲ್ಲ, ಅದು ಈ ನಾಲೆಗೋಸ್ಕರಾನೇ.

ಸರಿ, ಈಗ ದಾರಿ. ನಂಗಿಷ್ಟವಾದ ಒಂದು ಸುತ್ತು ಹೇಳ್ತೀನಿ. ಒಂದೇ ದಿನಕ್ಕೆ ಎಲ್ಲಾ ಮುಗಿಸೋ ಹಟ ಬೇಡ, ಎರಡು ದಿನ ಇಟ್ಕೊಳ್ಳಿ.

ಶ್ರೀರಂಗಪಟ್ಟಣದಲ್ಲಿ ಶುರು ಮಾಡಿ. ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಹತ್ತಿರ ನಿಂತು ಆ ಕಲ್ಲಿನ ಕಂಬಗಳನ್ನ ನೋಡಿ. ಅಲ್ಲಿಂದ ಪಾಂಡವಪುರ. ನಾಗಮಂಗಲಕ್ಕೆ ಹೋಗೋ ಹೆದ್ದಾರಿ ಇದು, ವಾಹನ ಜಾಸ್ತಿ, ಬೆಳಿಗ್ಗೆ ಬೇಗ ದಾಟಿಬಿಡಿ. ಪಾಂಡವಪುರ ಬಂದ್ಮೇಲೆ ಕುಂತಿ ಬೆಟ್ಟ ಕಣ್ಣಿಗೆ ಬೀಳುತ್ತೆ. ಅಲ್ಲಿಂದ ಒಳರಸ್ತೆ ಹಿಡಿದು ಕ್ಯಾತನಹಳ್ಳಿ ಕಡೆ ಹೋಗಿ. ಕಬ್ಬು, ಭತ್ತ, ಆಲೆಮನೆ ಹೊಗೆ, ಡೇರಿ ಮುಂದೆ ಹಾಲಿನ ಕ್ಯಾನು. ಗೂಗಲ್ ಮ್ಯಾಪ್ ಇಲ್ಲಿ ಆಗಾಗ ಗದ್ದೆ ಬದುವನ್ನೂ ರಸ್ತೆ ಅನ್ನುತ್ತೆ, ನಂಬಬೇಡಿ. ಅರಳಿಕಟ್ಟೆ ಮೇಲೆ ಕೂತಿರೋರನ್ನ ಕೇಳಿ. ದಾರಿ ಜೊತೆಗೆ ನಿಮ್ಮ ಊರು, ಮನೆತನ, ಮದುವೆ ಆಗಿದ್ಯಾ ಅನ್ನೋದೂ ವಿಚಾರಣೆ ಆಗುತ್ತೆ, ಅದು ಟೋಲ್ ಅಂದ್ಕೊಳ್ಳಿ.

ಹಾಗೇ ಮುಂದೆ ಹೊಸ ಕನ್ನಂಬಾಡಿ. ಹಳೇ ಕನ್ನಂಬಾಡಿ ಕೆ.ಆರ್.ಎಸ್. ನೀರಲ್ಲಿ ಮುಳುಗಿದ ಊರು. ಅಲ್ಲಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನ ಹಿನ್ನೀರಿನ ದಡಕ್ಕೆ ತಂದು ಮತ್ತೆ ಕಟ್ಟಿದಾರೆ. ಸಾಯಂಕಾಲ ಹಿನ್ನೀರು ನೋಡ್ತಾ ಕೂತ್ರೆ ಎದ್ದು ಬರೋಕೆ ಮನಸ್ಸಾಗಲ್ಲ.

ಎರಡನೇ ದಿನ ಕೆರೆ ತೊಣ್ಣೂರು, ಅಲ್ಲಿಂದ ಮೇಲುಕೋಟೆ. ಇಲ್ಲಿ ಒಂದು ತಮಾಷೆ ಗಮನಿಸಿ. ನಾಲೆ ಮಟ್ಟದಲ್ಲಿ ಹೋಗುತ್ತೆ, ಅದರ ನೀರು ಕೆಳಗಡೆಗೆ ಮಾತ್ರ ಹರಿಯುತ್ತೆ. ಹಾಗಾಗಿ ಏರಿ ಮೇಲೆ ಸೈಕಲ್ ತುಳೀತಾ ಹೋದ್ರೆ ಎಷ್ಟೋ ಕಡೆ ಒಂದು ಪಕ್ಕ ಭತ್ತದ ಹಸಿರು, ಇನ್ನೊಂದು ಪಕ್ಕ ರಾಗಿ, ಹುರುಳಿ, ಕುರಿ ಮೇಯೋ ಬೀಳು. ಮಧ್ಯೆ ನಾಲೆ ಅಗಲ ಅಷ್ಟೇ. ಮೇಲುಕೋಟೆ ಕಡೆ ಏರು ಶುರುವಾದ ತಕ್ಷಣ ಕಾಲಿಗೆ ಗೊತ್ತಾಗುತ್ತೆ, ನಾಲೆ ಕೈಬಿಡ್ತು ಅಂತ. ಕಣ್ಣಿಗೂ ಗೊತ್ತಾಗುತ್ತೆ, ಗದ್ದೆ ಮುಗೀತು. ನೀರಾವರಿ ಅಂದ್ರೇನು ಅಂತ ನಂಗೆ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಮಾಡಿಸಿದ್ದು ಈ ದಾರಿ. ಮೇಲೆ ಹತ್ತಿದ್ಮೇಲೆ ಪುಳಿಯೋಗರೆ ತಿನ್ನಿ, ಸಂಪಾದನೆ ಮಾಡಿದೀರ. ಜಕ್ಕನಹಳ್ಳಿಗೆ ಇಳಿದ್ರೆ ಒಂದು ಕಡೆ ನಾಗಮಂಗಲ, ಇನ್ನೊಂದು ಕಡೆ ಕೆ.ಆರ್.ಪೇಟೆ.

ಇಲ್ಲಿಗೆ ನಿಲ್ಲಿಸಿದ್ರೆ ಇದು ಚೆಂದದ ಟ್ರಾವೆಲ್ ಎಪಿಸೋಡ್. ಆದ್ರೆ ಈ ದಾರಿಗೆ ಇನ್ನೊಂದು ಮುಖ ಇದೆ.

2018ರ ನವೆಂಬರ್ 24. ಶನಿವಾರ, ಅರ್ಧ ದಿನ ಸ್ಕೂಲು. ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಒಂದು ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿತ್ತು. 30 ಜನ ಸತ್ತರು. ಅದರಲ್ಲಿ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ರು. ಆ ದಿನ ಮಂಡ್ಯ ಜಿಲ್ಲೆಯಲ್ಲಿ ಇದ್ದ ಯಾರಿಗೂ ಅದು ಮರೆಯೋದಿಲ್ಲ. 2023ರ ನವೆಂಬರ್‌ನಲ್ಲಿ ಬನಘಟ್ಟದ ಹತ್ತಿರ ಕಾರು ಅದೇ ನಾಲೆಗೆ ಬಿದ್ದು ಐದು ಜನ ಹೋದ್ರು. ಪ್ರತಿ ಸಲ ತಡೆಗೋಡೆ ಮಾತು ಬರುತ್ತೆ, ಕೆಲವು ಕಡೆ ಗೋಡೆಯೂ ಬಂದಿದೆ. ಇನ್ನೂ ಎಷ್ಟೋ ಕಡೆ ರಸ್ತೆಗೂ ನೀರಿಗೂ ಮಧ್ಯೆ ಇರೋದು ಬರೀ ಹುಲ್ಲು.

ನಾಲೆಗೆ ಬಿದ್ರೆ ಈಜು ಬಂದೋರಿಗೂ ಕಷ್ಟ. ಕಾಂಕ್ರೀಟ್ ಹಾಕಿದ ಇಳಿಜಾರು ಗೋಡೆ, ಅದರ ಮೇಲೆ ಪಾಚಿ, ಹಿಡ್ಕೊಳ್ಳೋಕೆ ಏನೂ ಇಲ್ಲ. ನೀರು ಬಿಟ್ಟಾಗ ಸೆಳೆತ ಬೇರೆ. ಮೇಲಿಂದ ನೋಡೋಕೆ ಶಾಂತವಾಗಿರುತ್ತೆ, ಅದೇ ಮೋಸ. ಸೆಲ್ಫಿಗೆ ಅಂಚಿಗೆ ಹೋಗ್ಬೇಡಿ, ಕೈಕಾಲು ತೊಳೆಯೋಕೆ ಇಳೀಬೇಡಿ. ಕತ್ತಲಾದ್ಮೇಲೆ ಏರಿ ಮೇಲೆ ಸೈಕಲ್ ಬೇಡವೇ ಬೇಡ.

ಇನ್ನು ರಸ್ತೆ ಮೇಲಿನ ಅಪಾಯ. ಕಬ್ಬು ಕಟಾವಿನ ಕಾಲದಲ್ಲಿ ಒಂದು ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್. ಕಬ್ಬು ಎರಡೂ ಪಕ್ಕ ಚಾಚಿಕೊಂಡಿರುತ್ತೆ, ಎಷ್ಟೋ ಸಲ ಹಿಂದೆ ಒಂದು ಕೆಂಪು ದೀಪವೂ ಇರಲ್ಲ. ಅದರ ಜೊತೆಗೆ ಜಲ್ಲಿ ಟಿಪ್ಪರ್‌ಗಳು. ಈ ರಸ್ತೆಗಳಿಗೆ ಅಂಚೇ ಇಲ್ಲ. ಟಾರ್ ಮುಗಿದ ಕಡೆ ಗುಂಡಿ, ಗುಂಡಿ ಮುಗಿದ ಕಡೆ ಚರಂಡಿ ಅಥವಾ ನಾಲೆ. ಹಾರ್ನ್ ಕೇಳಿದ್ರೆ ಸೈಕಲ್‌ನೋರು ಇಳೀಬೇಕಾದ್ದು ಎಲ್ಲಿಗೆ?

ಹೆದ್ದಾರಿ ಇದೆಯಲ್ಲ ಅಂತೀರಾ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಯಾವುದೂ ಮುಖ್ಯ ರಸ್ತೆಗೆ ಬರೋ ಹಾಗಿಲ್ಲ ಅಂತ ಆಯ್ತು. ಆ ವೇಗದ ರಸ್ತೆಯಲ್ಲಿ ಸೈಕಲ್ ಇರಬಾರದು, ಒಪ್ಪಿದೆ. ಆದ್ರೆ ಒಂದು ಕಡೆಯಿಂದ ಎಬ್ಬಿಸಿದೋರಿಗೆ ಇನ್ನೊಂದು ಕಡೆ ಜಾಗ ತೋರಿಸಬೇಕಲ್ವಾ?

ಈಗ ನಾನು ಕೇಳ್ತಿರೋ ಮುಖ್ಯ ಪ್ರಶ್ನೆ. ಸೈಕಲ್ ದಾರಿ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಯಾರು? ಹೆಲ್ಮೆಟ್, ಕಪ್ಪು ಕನ್ನಡಕ, ಭಾನುವಾರ ಬೆಳಿಗ್ಗೆ ಮೈಸೂರಿಂದಲೋ ಬೆಂಗಳೂರಿಂದಲೋ ಬಂದೋರು. ಅವರು ಬರಲಿ. ಅವರಿಂದ ಎಳನೀರಿನೋರಿಗೆ, ಹೋಟೆಲ್‌ನೋರಿಗೆ ನಾಲ್ಕು ಕಾಸು. ನಾನೂ ಅಂಥ ಗುಂಪಿನ ಜೊತೆ ಹೋಗ್ತೀನಿ. ಆದ್ರೆ ಈ ರಸ್ತೆಗಳ ಮೇಲೆ ವಾರದ ಆರು ದಿನ ಸೈಕಲ್ ತುಳಿಯೋರು ಬೇರೆ. ಹೈಸ್ಕೂಲ್ ಮಕ್ಕಳು. ಹುಲ್ಲಿನ ಹೊರೆ ಕಟ್ಟಿಕೊಂಡು ಬರೋ ರೈತರು. ಗದ್ದೆಗೆ ನೀರು ಕಟ್ಟೋಕೆ ಹೋಗೋರು, ಅದೂ ಎಷ್ಟೋ ಸಲ ರಾತ್ರಿ, ಯಾಕಂದ್ರೆ ಅವರ ಸರದಿ ಬರೋದು ಆಗ. ಅವರು ಯಾರೂ ಸ್ಟ್ರಾವಾದಲ್ಲಿ ಅಪ್‌ಲೋಡ್ ಮಾಡಲ್ಲ. ಅದಕ್ಕೇ ಯಾವ ನಕ್ಷೆಯಲ್ಲೂ ಅವರು ಕಾಣಲ್ಲ.

ನಾನು ಬಿ.ಕಾಂ. ಓದಿದೋಳು, ಲೆಕ್ಕ ಹಾಕದೆ ಬಿಡಲ್ಲ. ಒಬ್ಬ ಹುಡುಗಿ, ಮನೆಯಿಂದ ಸ್ಕೂಲಿಗೆ 5 ಕಿಲೋಮೀಟರ್. ಹೋಗಿ ಬಂದ್ರೆ 10. ವರ್ಷಕ್ಕೆ 220 ದಿನ ಸ್ಕೂಲು ಅಂದ್ರೆ 2,200 ಕಿಲೋಮೀಟರ್. ಅದೇ ದೂರ ಅಪ್ಪ ಸ್ಕೂಟರಲ್ಲಿ ಓಡಿಸಿದ್ರೆ, ಲೀಟರಿಗೆ 45 ಕೊಟ್ರೂ 49 ಲೀಟರ್ ಪೆಟ್ರೋಲು. ಲೀಟರಿಗೆ 100 ರೂಪಾಯಿ ಅಂತ ಇಟ್ಕೊಂಡ್ರೆ 4,900 ರೂಪಾಯಿ. ಬಿಟ್ಟು ಬಂದು, ಮತ್ತೆ ಕರ್ಕೊಂಡು ಬರೋ ಓಡಾಟ ಸೇರಿಸಿದ್ರೆ ಅದರ ಡಬಲ್. ಜೊತೆಗೆ ಅಪ್ಪನ ಅರ್ಧ ದಿನದ ಕೆಲಸ. ಬಸ್ಸಿದೆ, ಶಕ್ತಿ ಯೋಜನೆಯಲ್ಲಿ ಹುಡುಗೀರಿಗೆ ಟಿಕೆಟ್ ಇಲ್ಲ, ನಿಜ. ಆದ್ರೆ ಸ್ಪೆಷಲ್ ಕ್ಲಾಸ್ ಮುಗಿಯೋ ಹೊತ್ತಿಗೆ ಬಸ್ ಇರ್ಬೇಕಲ್ಲ. ಸೈಕಲ್ ಅಂದ್ರೆ ಅವಳ ಟೈಮ್ ಅವಳ ಕೈಯಲ್ಲಿ.

ನಮ್ಮ ಸರ್ಕಾರ 2006–07ರಲ್ಲಿ ಎಂಟನೇ ಕ್ಲಾಸ್ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡ್ತು. ನನ್ನ ವಯಸ್ಸಿನ ಬಹಳ ಜನಕ್ಕೆ ಅದೇ ಮೊದಲ ಸ್ವಂತ ವಾಹನ. ನಂಗೂ ಸಿಕ್ತು. ನಾವು ಏಳೆಂಟು ಹುಡುಗೀರು ಸಾಲಾಗಿ ಬರೋವಾಗ ಊರಿನ ಗಂಡಸರು ಪಕ್ಕಕ್ಕೆ ಸರಿದು ದಾರಿ ಬಿಡೋರು, ಆ ಖುಷಿ ಈಗ ಕಾರಲ್ಲೂ ಸಿಗಲ್ಲ. ಕೋವಿಡ್ ಸಮಯದಲ್ಲಿ ಆ ಯೋಜನೆ ನಿಂತಿತು. 2017ರಲ್ಲಿ ಮೈಸೂರಲ್ಲಿ ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ಬಂದಾಗ ದೇಶವೆಲ್ಲಾ ಸುದ್ದಿ ಆಯ್ತು. ಹಳ್ಳಿ ಮಕ್ಕಳ ಸೈಕಲ್ ನಿಂತಾಗ ಅಷ್ಟು ದೊಡ್ಡ ಸುದ್ದಿ ಆಗಲಿಲ್ಲ.

ಮನಸ್ಸಿದ್ರೆ ನಮ್ಮಲ್ಲಿ ಏನು ಬೇಕಾದ್ರೂ ಆಗುತ್ತೆ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿ ಹಾಕೋಕೆ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಕೆಡವಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನ ಬುಡಸಮೇತ ಜಾಕ್ ಕೊಟ್ಟು ಎತ್ತಿ, ನಿಧಾನಕ್ಕೆ ಸರಿಸಿ, ಬೇರೆ ಜಾಗದಲ್ಲಿ ಕೂರಿಸಿದ್ರು. ಇನ್ನೂರು ವರ್ಷ ದಾಟಿದ ಕಟ್ಟಡಾನೇ ನಡೆಸಿದೋರಿಗೆ, ನಾಲೆ ತಿರುವಲ್ಲಿ ಮೂರಡಿ ಗೋಡೆ ಕಟ್ಟೋದು ಕಷ್ಟ ಅಂದ್ರೆ ನಾನು ನಂಬಲ್ಲ.

ಹಾಗಾಗಿ ಕೋಟಿಗಟ್ಟಲೆ ಖರ್ಚಿನ ಬಣ್ಣ ಬಳಿದ ಟ್ರ್ಯಾಕ್ ಬೇಡ. ಬೇಕಾಗಿರೋದು ಸಣ್ಣ ಪಟ್ಟಿ.

ಒಂದು, ರಸ್ತೆ ಮತ್ತು ನಾಲೆ ಅಕ್ಕಪಕ್ಕ ಹೋಗೋ ಕಡೆ, ಮೊದಲು ತಿರುವುಗಳಲ್ಲಿ, ತಡೆಗೋಡೆ. ಅಲ್ಲಲ್ಲಿ ಬಿದ್ದೋರು ಹತ್ತಿ ಬರೋಕೆ ಮೆಟ್ಟಿಲು, ಹಿಡ್ಕೊಳ್ಳೋಕೆ ಸರಪಳಿ.

ಎರಡು, ಕಬ್ಬಿನ ಟ್ರೇಲರ್‌ಗೆ ಹಿಂದೆ ಹೊಳೆಯೋ ರಿಫ್ಲೆಕ್ಟರ್ ಸ್ಟಿಕ್ಕರ್. ಕಾರ್ಖಾನೆ ಗೇಟಲ್ಲೇ ಅಂಟಿಸಿ ಕಳಿಸಬಹುದು.

ಮೂರು, ಸ್ಕೂಲು ಶುರುವಾಗೋ, ಬಿಡೋ ಒಂದೊಂದು ಗಂಟೆ ಊರೊಳಗಿನ ರಸ್ತೆಯಲ್ಲಿ ಟಿಪ್ಪರ್ ಬೇಡ.

ನಾಲ್ಕು, ಎಂಟನೇ ಕ್ಲಾಸ್ ಮಕ್ಕಳಿಗೆ ಸೈಕಲ್, ವರ್ಷ ತಪ್ಪದೆ.

ಐದು, ಊರಿನ ಹೆಸರು, ದೂರ ಬರೆದ ಬೋರ್ಡು. ಭಾನುವಾರದೋರಿಗೆ ಇಷ್ಟು ಸಾಕು. ಮೇಲಿನ ನಾಲ್ಕು ಆದ್ರೆ ಅವರೂ ಕ್ಷೇಮ.

ನಾಲೆ ಏರಿ ಕಾವೇರಿ ನೀರಾವರಿ ನಿಗಮದ್ದು, ಸಾರ್ವಜನಿಕ ರಸ್ತೆ ಅಲ್ಲ ಅಂತ ಯಾರಾದ್ರೂ ಹೇಳಬಹುದು. ಸರಿ. ಐರ್ಲೆಂಡಿನ ಆ ದಾರಿಯೂ ಎಷ್ಟೋ ಕಡೆ ರೈತರ ಸ್ವಂತ ಜಮೀನಲ್ಲಿ ಹೋಗುತ್ತೆ. ಭೂಸ್ವಾಧೀನ ಮಾಡಲಿಲ್ಲ, ಕೂತು ಮಾತಾಡಿ ಒಪ್ಪಿಗೆ ತಗೊಂಡ್ರು. ಇಲ್ಲಿ ನಿಗಮ, ಪಂಚಾಯ್ತಿ, ಏರಿ ಪಕ್ಕದ ಗದ್ದೆಯೋರು ಮೂವರೂ ಕೂತ್ರೆ ಯಾವ ತುಂಡು ಸೈಕಲ್ಲಿಗೆ ಯೋಗ್ಯ, ಯಾವುದು ಅಪಾಯ ಅಂತ ಒಂದು ಸಾಯಂಕಾಲದಲ್ಲಿ ಹೇಳಿಬಿಡ್ತಾರೆ.

ಕೇಳೋದು ಎಲ್ಲಿ? ಗ್ರಾಮಸಭೆಯಲ್ಲಿ. ಆರು ತಿಂಗಳಿಗೊಮ್ಮೆಯಾದ್ರೂ ಅದು ನಡೀಬೇಕು ಅಂತ ಕಾನೂನೇ ಇದೆ. ನಮ್ಮ ವಯಸ್ಸಿನೋರು ಅಲ್ಲಿಗೆ ಹೋಗೋದು ಕಮ್ಮಿ. ಕ್ಯಾತನಹಳ್ಳಿ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ ಅವರ ಊರು. 2018ರಲ್ಲಿ ಅವರು ತೀರಿಕೊಂಡ್ರು. ಅವರ ರಾಜಕೀಯ ನಿಮಗೆ ಒಪ್ಪಿಗೆ ಇರಬಹುದು, ಇಲ್ದೇ ಇರಬಹುದು. ಹಸಿರು ಶಾಲು ಹೆಗಲಿಗೆ ಹಾಕ್ಕೊಂಡು ಎದ್ದು ನಿಂತು ಪ್ರಶ್ನೆ ಕೇಳೋದು ಈ ಕಡೆ ಜನಕ್ಕೆ ಹೊಸದಲ್ಲ ಅಂತ ಮಾತ್ರ ಹೇಳ್ತಿದೀನಿ. ನೀರಿಗೆ ಕೇಳಿದೀವಿ, ಕಬ್ಬಿನ ಬೆಲೆಗೆ ಕೇಳಿದೀವಿ. ಮಕ್ಕಳು ಸ್ಕೂಲಿಂದ ಸುರಕ್ಷಿತವಾಗಿ ಮನೆ ಸೇರೋ ದಾರಿಗೂ ಕೇಳೋಣ.

ನಿಮಗೆ ಒಂದು ಕೆಲಸ ಕೊಡ್ತೀನಿ. ನಿಮ್ಮೂರಿಂದ ಹೈಸ್ಕೂಲಿಗೆ ಹೋಗೋ ದಾರಿಯಲ್ಲಿ ಅತಿ ಅಪಾಯದ ಜಾಗ ಯಾವುದು? ಯಾವ ತಿರುವು, ಯಾವ ಸೇತುವೆ, ಯಾವ ಗುಂಡಿ? ಹಗಲು ಹೊತ್ತಲ್ಲಿ, ದೂರ ನಿಂತು ಒಂದು ಫೋಟೋ ತೆಗೀರಿ. ಒಂದು ಪ್ರತಿ ನನಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ. ಇನ್ನೊಂದು ಪ್ರತಿ, ಅದು ಮುಖ್ಯ, ನಿಮ್ಮ ಪಂಚಾಯ್ತಿಗೆ ಅರ್ಜಿ ಜೊತೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ವಾಟ್ಸಾಪ್ ಸ್ಟೇಟಸ್ ಒಂದೇ ದಿನಕ್ಕೆ ಮಾಯವಾಗುತ್ತೆ. ಸೀಲ್ ಬಿದ್ದ ಅರ್ಜಿ ಮಾಯವಾಗಲ್ಲ.

ಇಷ್ಟು ಇವತ್ತಿಗೆ. ಮುಂದಿನ ವಾರ ಸಿಗೋಣ, ನಮಸ್ಕಾರ.